ಆಪರೇಟಿಂಗ್ ಸಿಸ್ಟಂ ಅನ್ನು ನಮ್ಮ ವಿದ್ಯಾರ್ಥಿಗಳು ಒಮ್ಮೆಯಾದರೂ ತಾವೇ ಕಟ್ಟಲಿ

ಮಾನ್ಯ ಸಂಪಾದಕರೇ,

ನಾನು ಹಾಸನ ಜಿಲ್ಲೆಯ ಒಂದು ಕಾಲೇಜಿನಲ್ಲಿ ಹದಿನೇಳು ವರ್ಷಗಳಿಂದ ಕಂಪ್ಯೂಟರ್ ವಿಜ್ಞಾನ ಕಲಿಸುತ್ತಿದ್ದೇನೆ. ಆಪರೇಟಿಂಗ್ ಸಿಸ್ಟಂ ವಿಷಯವನ್ನು ಹೆಚ್ಚುಕಡಿಮೆ ಪ್ರತಿ ವರ್ಷವೂ ಬೋಧಿಸಿದ್ದೇನೆ. ಬ್ಯಾಂಕರ್ಸ್ ಅಲ್ಗಾರಿದಂ, ಪೇಜ್ ರೀಪ್ಲೇಸ್‌ಮೆಂಟ್, ಪ್ರೊಸೆಸ್ ಶೆಡ್ಯೂಲಿಂಗ್ ಇವುಗಳ ಲೆಕ್ಕಗಳನ್ನು ನಮ್ಮ ವಿದ್ಯಾರ್ಥಿಗಳು ತಪ್ಪಿಲ್ಲದೆ ಬಿಡಿಸುತ್ತಾರೆ, ಒಳ್ಳೆಯ ಅಂಕವನ್ನೂ ಪಡೆಯುತ್ತಾರೆ. ಆದರೆ ಅವರ ಎದುರಿಗಿರುವ ಯಂತ್ರವನ್ನೇ ತೋರಿಸಿ, ಗುಂಡಿ ಒತ್ತಿದ ಕ್ಷಣದಿಂದ ಲಾಗಿನ್ ಪರದೆ ಬರುವವರೆಗೆ ಒಳಗೆ ಏನೇನು ನಡೆಯಿತು, ಯಾವ ಕಡತ ಯಾವುದನ್ನು ಕರೆಯಿತು, ಆ ಕಡತಗಳನ್ನು ಯಾರು ಎಲ್ಲಿ ತಯಾರಿಸಿದರು ಎಂದು ಕೇಳಿದರೆ ತರಗತಿಯಲ್ಲಿ ಉತ್ತರ ಬರುವುದಿಲ್ಲ. ಈ ಕೊರತೆ ವಿದ್ಯಾರ್ಥಿಗಳದ್ದಲ್ಲ, ನಾವು ಕಲಿಸುವ ರೀತಿಯದ್ದು ಎಂಬುದು ನನಗೆ ಮನದಟ್ಟಾಗಲು ಬಹಳ ವರ್ಷ ಬೇಕಾಯಿತು. ರಾಜ್ಯದ ವಿಶ್ವವಿದ್ಯಾಲಯಗಳ ಕಂಪ್ಯೂಟರ್ ಪಠ್ಯಕ್ರಮದಲ್ಲಿ, ಒಂದು ಪೂರ್ಣ ಆಪರೇಟಿಂಗ್ ಸಿಸ್ಟಂ ಅನ್ನು ಸೋರ್ಸ್ ಕೋಡ್‌ನಿಂದಲೇ ಕಟ್ಟಿ ನಡೆಸುವುದನ್ನು ಕ್ರೆಡಿಟ್ ಇರುವ ಪ್ರಯೋಗವಾಗಿ ಸೇರಿಸಬೇಕೆಂದು ಕೋರುವುದಕ್ಕಾಗಿ ಈ ಪತ್ರ ಬರೆಯುತ್ತಿದ್ದೇನೆ.

ವಿಷಯಕ್ಕೆ ಹೊಸಬರಾದ ಓದುಗರಿಗಾಗಿ ಒಂದು ಮಾತು. ನಾವು ಕಂಪ್ಯೂಟರಿಗೆ ಹಾಕಿಕೊಳ್ಳುವ ತಂತ್ರಾಂಶ ಸಾಮಾನ್ಯವಾಗಿ ಸಿದ್ಧರೂಪದಲ್ಲಿ ಸಿಗುತ್ತದೆ. ಅದು ಯಂತ್ರಕ್ಕೆ ಮಾತ್ರ ಅರ್ಥವಾಗುವ ಬೈನರಿ. ಮನುಷ್ಯರು ಬರೆದು ಮನುಷ್ಯರು ಓದಬಹುದಾದ ಮೂಲ ಬರಹವೇ ಸೋರ್ಸ್ ಕೋಡ್, ಅದನ್ನು ಬೈನರಿಯಾಗಿಸುವ ತಂತ್ರಾಂಶವೇ ಕಂಪೈಲರ್. ಮುಕ್ತ ತಂತ್ರಾಂಶದಲ್ಲಿ ಈ ಮೂಲ ಬರಹ ಎಲ್ಲರಿಗೂ ಸಿಗುತ್ತದೆ. ರಿಚರ್ಡ್ ಸ್ಟಾಲ್ಮನ್ 1983ರ ಸೆಪ್ಟೆಂಬರಿನಲ್ಲಿ ಮುಕ್ತ ಆಪರೇಟಿಂಗ್ ಸಿಸ್ಟಂ ಕಟ್ಟುವ ಗ್ನೂ ಯೋಜನೆಯನ್ನು ಘೋಷಿಸಿದಾಗ ಮತ್ತು ಲಿನಸ್ ಟೊರ್ವಾಲ್ಡ್ಸ್ 1991ರಲ್ಲಿ ಆಪರೇಟಿಂಗ್ ಸಿಸ್ಟಂನ ತಿರುಳಾದ ಲಿನಕ್ಸ್ ಕರ್ನಲ್ ಅನ್ನು ಹೊರತಂದಾಗ ನಮಗೆಲ್ಲ ದೊರೆತದ್ದು ಈ ಹಕ್ಕು. ಮೂವತ್ತು ವರ್ಷಕ್ಕೂ ಮಿಗಿಲಾಗಿ ಕೈಯಲ್ಲಿರುವ ಈ ಹಕ್ಕನ್ನು ನಮ್ಮ ಕಾಲೇಜುಗಳು ಬಳಸಿಕೊಂಡದ್ದು ತೀರ ಕಡಿಮೆ. ಲಿನಕ್ಸ್ ಇರುವ ಪ್ರಯೋಗಾಲಯಗಳಲ್ಲೂ ಯಾರೋ ಕಂಪೈಲ್ ಮಾಡಿಟ್ಟದ್ದನ್ನು ಪೆನ್‌ಡ್ರೈವಿನಿಂದ ಅರ್ಧ ಗಂಟೆಯಲ್ಲಿ ಹಾಕಿಕೊಳ್ಳುತ್ತೇವೆ, ಮುಂದಿನ ಕೆಲಸಕ್ಕೆ ಹೋಗುತ್ತೇವೆ.

ನಾನು ಸೂಚಿಸುತ್ತಿರುವ ದಾರಿ ಹೊಸದೇನೂ ಅಲ್ಲ. ಜೆರಾರ್ಡ್ ಬೀಕ್ಮನ್ಸ್ ಎಂಬುವರು 1999ರಲ್ಲಿ ‘ಲಿನಕ್ಸ್ ಫ್ರಮ್ ಸ್ಕ್ರ್ಯಾಚ್’ ಎಂಬ ಕೈಪಿಡಿಯನ್ನು ಆರಂಭಿಸಿದರು. ಡಿಸ್ಕಿನ ಖಾಲಿ ಭಾಗ (ಪಾರ್ಟಿಷನ್) ಒಂದರಲ್ಲಿ ಕಂಪೈಲರ್, ಬಹುತೇಕ ಪ್ರೋಗ್ರಾಂಗಳು ಆಧರಿಸುವ ಸಿ ಲೈಬ್ರರಿ, ನಾವು ಟೈಪ್ ಮಾಡಿದ ಆದೇಶಗಳನ್ನು ನಡೆಸುವ ಶೆಲ್, ಕಡತ ನಿರ್ವಹಣೆಯ ಸಲಕರಣೆಗಳು, ಕೊನೆಗೆ ಕರ್ನಲ್, ಹೀಗೆ ಸುಮಾರು ಎಂಬತ್ತು ತಂತ್ರಾಂಶಗಳನ್ನು ಒಂದೊಂದಾಗಿ ಮೂಲದಿಂದ ಕಂಪೈಲ್ ಮಾಡಿ, ತಾನಾಗಿಯೇ ಬೂಟ್ ಆಗುವ ವ್ಯವಸ್ಥೆಯನ್ನು ಕಟ್ಟುವ ವಿಧಾನ ಅದರಲ್ಲಿದೆ. ಇಂದಿಗೂ ವರ್ಷಕ್ಕೆ ಎರಡು ಬಾರಿ ಅದರ ಹೊಸ ಆವೃತ್ತಿ ಬರುತ್ತಿದೆ. ಬೇಕಾದ ಮೂಲ ಕಡತಗಳೆಲ್ಲ ಸೇರಿದರೂ ಒಂದು ಜಿಬಿ ಮೀರುವುದಿಲ್ಲ, ಆದ್ದರಿಂದ ಅಂತರ್ಜಾಲ ನಿಧಾನವಾಗಿರುವ ತಾಲ್ಲೂಕಿನ ಕಾಲೇಜೂ ಒಮ್ಮೆ ಇಳಿಸಿಕೊಂಡು ಎಲ್ಲ ಯಂತ್ರಗಳಿಗೂ ಹಂಚಬಹುದು.

2025ರ ಅಕ್ಟೋಬರ್ 14ರಂದು ವಿಂಡೋಸ್ 10ಕ್ಕೆ ಇದ್ದ ಬೆಂಬಲ ಕೊನೆಗೊಂಡಾಗ, ವಿಂಡೋಸ್ 11 ಕೇಳುವ ಯಂತ್ರಾಂಶವಿಲ್ಲದ ಒಂಬತ್ತು ಹಳೆಯ ಕಂಪ್ಯೂಟರುಗಳು ನಮ್ಮಲ್ಲಿ ಮೂಲೆ ಸೇರಿದವು. ಅವುಗಳಲ್ಲಿ ಸುಸ್ಥಿತಿಯಲ್ಲಿದ್ದ ಮೂರನ್ನು ಪ್ರಾಂಶುಪಾಲರ ಅನುಮತಿ ಪಡೆದು ಈ ಪ್ರಯೋಗಕ್ಕೆ ಇಟ್ಟುಕೊಂಡೆವು. ಅಂತಿಮ ವರ್ಷದ ಆರು ವಿದ್ಯಾರ್ಥಿಗಳು ಯಂತ್ರಕ್ಕೆ ಇಬ್ಬರಂತೆ ಕುಳಿತು ಶನಿವಾರ ಮಧ್ಯಾಹ್ನಗಳಲ್ಲಿ ಕೆಲಸ ಮಾಡಿದರು. ಅಂಕ ಬರುವ ಕೆಲಸವಲ್ಲ, ಹಾಜರಾತಿಯೂ ಇಲ್ಲ. ಹದಿನಾಲ್ಕು ವಾರಗಳಲ್ಲಿ ಆ ಆರು ಮಂದಿ ಕಲಿತದ್ದನ್ನು ನಾನು ನನ್ನ ಉಪನ್ಯಾಸಗಳಿಂದ ಒಂದು ಇಡೀ ವರ್ಷದಲ್ಲಿ ಕಲಿಸಿರಲಿಲ್ಲ ಎಂಬುದನ್ನು ಒಪ್ಪಿಕೊಳ್ಳುತ್ತೇನೆ.

ಮೊದಲ ದಿನವೇ ಅವರಿಗೆ ಎದುರಾದದ್ದು ಬೀಜ ಮೊದಲೋ ವೃಕ್ಷ ಮೊದಲೋ ಎಂಬ ಪ್ರಶ್ನೆ. ಎಲ್ಲವನ್ನೂ ಮೂಲದಿಂದ ಕಂಪೈಲ್ ಮಾಡಬೇಕಾದರೆ ಕಂಪೈಲರ್ ಅನ್ನೂ ಮೂಲದಿಂದಲೇ ಕಂಪೈಲ್ ಮಾಡಬೇಕು, ಆದರೆ ಅದಕ್ಕೂ ಒಂದು ಕಂಪೈಲರ್ ಬೇಕಲ್ಲ? ನಮ್ಮ ಮನೆಗಳಲ್ಲಿ ರಾತ್ರಿ ಹಾಲಿಗೆ ಹೆಪ್ಪು ಹಾಕುವುದನ್ನು ನೆನಪಿಸಿದಾಗ ಮಕ್ಕಳಿಗೆ ಇದು ಥಟ್ಟನೆ ಹೊಳೆಯಿತು. ಇಂದಿನ ಮೊಸರಿಗೆ ನಿನ್ನೆಯ ಮೊಸರಿನ ಒಂದು ಚಮಚ ಬೇಕು. ಹಾಗೆಯೇ ಯಂತ್ರದಲ್ಲಿ ಈಗಾಗಲೇ ಇರುವ ಲಿನಕ್ಸಿನ ಕಂಪೈಲರಿನಿಂದ ಹೊಸದೊಂದು ತಾತ್ಕಾಲಿಕ ಕಂಪೈಲರ್ ಕಟ್ಟುತ್ತೇವೆ, ಅದರ ನೆರವಿನಿಂದ ಸಿ ಲೈಬ್ರರಿಯನ್ನು ಕಟ್ಟುತ್ತೇವೆ, ಆ ಲೈಬ್ರರಿಯ ಮೇಲೆ ಮತ್ತೊಮ್ಮೆ ಕಂಪೈಲರ್ ಕಟ್ಟುತ್ತೇವೆ, ಹಳೆಯ ವ್ಯವಸ್ಥೆಯಿಂದ ಪೂರ್ತಿ ಬೇರ್ಪಟ್ಟ ಮೇಲೆ ಮೂರನೆಯ ಬಾರಿ ಅದನ್ನೇ ಕಟ್ಟುತ್ತೇವೆ. ಇದಕ್ಕಾಗಿ ಕೈಪಿಡಿಯಲ್ಲಿ ಬಳಸಿರುವ ಉಪಾಯ ಸೊಗಸಾದದ್ದು. ಯಂತ್ರದ ಗುರುತಿನ ಹೆಸರಿನಲ್ಲಿ ತಯಾರಕರ ಹೆಸರಿರುವ ಜಾಗದಲ್ಲಿ ‘ಎಲ್‌ಎಫ್‌ಎಸ್’ ಎಂದು, ಅಂದರೆ ಕೈಪಿಡಿಯ ಹೆಸರಿನ ಮೊದಲಕ್ಷರಗಳನ್ನು, ಬರೆದುಬಿಟ್ಟರೆ, ತಾನು ಬೇರೊಂದು ಬಗೆಯ ಯಂತ್ರಕ್ಕಾಗಿ ಕೆಲಸ ಮಾಡುತ್ತಿದ್ದೇನೆಂದು ಭಾವಿಸುವ ಕಂಪೈಲರ್, ಆತಿಥೇಯ ವ್ಯವಸ್ಥೆಯ ಲೈಬ್ರರಿಗಳನ್ನು ಮುಟ್ಟುವುದಿಲ್ಲ. ಹೀಗೆ ಒಂದು ಯಂತ್ರದಲ್ಲಿ ಇನ್ನೊಂದು ಬಗೆಯ ಯಂತ್ರಕ್ಕಾಗಿ ಕಂಪೈಲ್ ಮಾಡುವುದಕ್ಕಿರುವ ಕ್ರಾಸ್ ಕಂಪೈಲಿಂಗ್ ಎಂಬ ಪದವನ್ನು ನಾನು ವರ್ಷಗಳ ಕಾಲ ಹಲಗೆಯ ಮೇಲೆ ಬರೆದಿದ್ದೆ. ಅದು ಯಾಕೆ ಬೇಕು ಎಂಬುದನ್ನು ಆ ಮಕ್ಕಳು ಕೈಯಾರೆ ಕಂಡರು.

ಕೆಲಸ ತಾಳ್ಮೆಯದ್ದು. ಬೈನ್ಯುಟಿಲ್ಸ್ ಎಂಬ ಮೊದಲ ಕಂತನ್ನು ಕಟ್ಟಲು ಹಿಡಿಯುವ ಸಮಯವನ್ನೇ ಕೈಪಿಡಿ ಒಂದು ಮಾನವೆಂದು ಇಟ್ಟುಕೊಂಡು, ಉಳಿದ ತಂತ್ರಾಂಶಗಳ ಕಾಲವನ್ನು ಅದರ ಲೆಕ್ಕದಲ್ಲಿ ಹೇಳುತ್ತದೆ. ನಮ್ಮ ಹಳೆಯ ಯಂತ್ರದಲ್ಲಿ ಒಂದು ಮಾನಕ್ಕೆ ಆರು ನಿಮಿಷ ಹಿಡಿಯಿತು. ಕೆಲವು ಸಣ್ಣ ಸಲಕರಣೆಗಳು ಅದರ ಹತ್ತನೆಯ ಒಂದು ಭಾಗದಲ್ಲಿ ಮುಗಿದರೆ, ಜಿಸಿಸಿ ಕಂಪೈಲರಿನ ಅಂತಿಮ ಹಂತ ಮತ್ತು ಅದರ ಪರೀಕ್ಷೆಗಳಿಗೆ ಇಡೀ ರಾತ್ರಿ ಬಿಡಬೇಕಾಯಿತು. ಒಂದು ಶನಿವಾರ ಸಂಜೆ ಕರೆಂಟು ಹೋಗಿ, ಯುಪಿಎಸ್ ಕೂಡ ಕೈಕೊಟ್ಟು, ನಾಲ್ಕು ಗಂಟೆಯ ಕೆಲಸ ಅರ್ಧಕ್ಕೆ ನಿಂತಿತು. ಸೋಮವಾರ ಬಂದ ಜೋಡಿ ಬೇಸರಿಸಿಕೊಳ್ಳಲಿಲ್ಲ. ಎಲ್ಲಿಂದ ಮತ್ತೆ ಆರಂಭಿಸಿದರೆ ಸಾಕು, ಯಾವ ಅರೆಬರೆ ಕಡತಗಳನ್ನು ಅಳಿಸಬೇಕು ಎಂದು ತಾವೇ ಚರ್ಚಿಸಿ ನಿರ್ಧರಿಸಿದರು. ಆ ಚರ್ಚೆಯನ್ನು ಬಾಗಿಲಲ್ಲಿ ನಿಂತು ಕೇಳಿಸಿಕೊಂಡ ನನಗೆ ಆದ ಸಂತೋಷವನ್ನು ಬರೆದು ತಿಳಿಸಲಾರೆ.

ಹೆಪ್ಪಿನ ಮಾತನ್ನು ಇನ್ನೊಂದು ಕಾರಣಕ್ಕೂ ಹೇಳಿದೆ. ಹೆಪ್ಪು ಕೆಟ್ಟಿದ್ದರೆ ಹಾಲು ಎಷ್ಟೇ ಚೆನ್ನಾಗಿದ್ದರೂ ಮೊಸರು ಕೆಡುತ್ತದೆ, ಆ ಮೊಸರಿನಿಂದ ಹಾಕಿದ ನಾಳಿನ ಹೆಪ್ಪೂ ಕೆಡುತ್ತದೆ. ಯುನಿಕ್ಸ್ ಎಂಬ ಆಪರೇಟಿಂಗ್ ಸಿಸ್ಟಂ ಸೃಷ್ಟಿಸಿದವರಲ್ಲೊಬ್ಬರಾದ ಕೆನ್ ಥಾಂಪ್ಸನ್ ಟ್ಯೂರಿಂಗ್ ಪ್ರಶಸ್ತಿ ಸ್ವೀಕರಿಸಿ ನೀಡಿದ, 1984ರಲ್ಲಿ ಪ್ರಕಟವಾದ ಉಪನ್ಯಾಸದಲ್ಲಿ ತೋರಿಸಿದ್ದು ಇದನ್ನೇ. ಕಂಪೈಲರಿನ ಬೈನರಿಯಲ್ಲಿ ಒಮ್ಮೆ ಕಳ್ಳದಾರಿಯನ್ನು ಸೇರಿಸಿಬಿಟ್ಟರೆ, ಅದು ತಾನು ಕಂಪೈಲ್ ಮಾಡುವ ಲಾಗಿನ್ ಪ್ರೋಗ್ರಾಂನಲ್ಲೂ ಮುಂದಿನ ಕಂಪೈಲರಿನಲ್ಲೂ ಅದೇ ಕಳ್ಳದಾರಿಯನ್ನು ಇಡುತ್ತಾ ಹೋಗುತ್ತದೆ, ಸೋರ್ಸ್ ಕೋಡನ್ನು ಎಷ್ಟು ಓದಿದರೂ ಅದರ ಸುಳಿವು ಸಿಗುವುದಿಲ್ಲ. ನಾಲ್ಕು ದಶಕಗಳ ನಂತರವೂ ಈ ಪ್ರಶ್ನೆಯನ್ನು ಬಿಡದೆ ಹಿಡಿದವರಿದ್ದಾರೆ. ಗ್ವಿಕ್ಸ್ ಎಂಬ ಮುಕ್ತ ಆಪರೇಟಿಂಗ್ ಸಿಸ್ಟಂ ಯೋಜನೆಯವರು 2023ರಲ್ಲಿ ತಮ್ಮ ವ್ಯವಸ್ಥೆಯ ತಂತ್ರಾಂಶ ಸರಣಿಯನ್ನು ಕೇವಲ 357 ಬೈಟುಗಳ ಒಂದು ಬೀಜ ಪ್ರೋಗ್ರಾಂನಿಂದ ಆರಂಭಿಸಿ ಕಟ್ಟುವ ಹಂತ ತಲುಪಿದರು. ಒಬ್ಬ ಮನುಷ್ಯ ಕುಳಿತು ಬೈಟಿಗೆ ಬೈಟು ಓದಿ ಪರಿಶೀಲಿಸಬಹುದಾದಷ್ಟು ಸಣ್ಣ ಹೆಪ್ಪು ಅದು.

ಇದು ಬರೀ ಪಂಡಿತರ ಚರ್ಚೆ ಎನ್ನುವವರು 2024ರ ಮಾರ್ಚ್ 29ರಂದು ಬಯಲಾದ ಘಟನೆಯನ್ನು ನೆನೆಯಬೇಕು. ಎಕ್ಸ್‌ಝಡ್ ಎಂಬುದು ಕಡತಗಳನ್ನು ಕುಗ್ಗಿಸುವ ಪುಟ್ಟ ತಂತ್ರಾಂಶ. ಅದರ 5.6.0 ಮತ್ತು 5.6.1 ಆವೃತ್ತಿಗಳಲ್ಲಿ, ವರ್ಷಗಳ ಕಾಲ ಸಹಾಯಕನಂತೆ ನಟಿಸಿ ಯೋಜನೆಯ ನಂಬಿಕೆ ಗಳಿಸಿದ್ದ ವ್ಯಕ್ತಿಯೊಬ್ಬ ಕಳ್ಳದಾರಿ ಇರಿಸಿದ್ದ. ಕಳ್ಳದಾರಿಯ ತಿರುಳನ್ನು ಪರೀಕ್ಷಾ ಕಡತಗಳ ವೇಷದಲ್ಲಿ ಬಚ್ಚಿಡಲಾಗಿತ್ತು. ಅದನ್ನು ಹೊರತೆಗೆದು ಬೈನರಿಗೆ ಸೇರಿಸುವ ಸಾಲುಗಳು ಮಾತ್ರ ಎಲ್ಲರೂ ನೋಡುವ ಸಾರ್ವಜನಿಕ ಕೋಡ್ ಸಂಗ್ರಹದಲ್ಲಿರಲಿಲ್ಲ, ಬಿಡುಗಡೆ ಮಾಡಿದ ಕಟ್ಟಿನ ನಿರ್ಮಾಣ ಸ್ಕ್ರಿಪ್ಟಿನಲ್ಲಿದ್ದವು. ಆಂಡ್ರೆಸ್ ಫ್ರಾಯಿಂಡ್ ಎಂಬ ಎಂಜಿನಿಯರ್, ದೂರದ ಯಂತ್ರಕ್ಕೆ ಲಾಗಿನ್ ಆಗಲು ಅರ್ಧ ಸೆಕೆಂಡು ಹೆಚ್ಚು ಹಿಡಿಯುತ್ತಿದೆಯಲ್ಲ ಎಂದು ಅನುಮಾನಿಸಿ ಜಾಡು ಹಿಡಿದು ಹೋಗದಿದ್ದರೆ, ಅದು ಜಗತ್ತಿನ ಎಷ್ಟೋ ಸರ್ವರುಗಳನ್ನು ಸೇರುತ್ತಿತ್ತು. ಇದೇ ಎಕ್ಸ್‌ಝಡ್ ನಮ್ಮ ವಿದ್ಯಾರ್ಥಿಗಳು ಕಟ್ಟಿದ ಪಟ್ಟಿಯಲ್ಲೂ ಇತ್ತು. ಕಾನ್ಫಿಗರ್ ಸ್ಕ್ರಿಪ್ಟ್ ಎಂದರೇನು, ಅದು ಕಂಪೈಲಿಗೆ ಮೊದಲು ಏನೇನು ಮಾಡಬಲ್ಲದು ಎಂಬುದನ್ನು ಎಂಬತ್ತು ಬಾರಿ ಕಂಡಿದ್ದವರಿಗೆ ಈ ಘಟನೆಯನ್ನು ನಾನು ಹತ್ತು ನಿಮಿಷದಲ್ಲಿ ವಿವರಿಸಿದೆ. ಉಳಿದ ತರಗತಿಗೆ ಒಂದು ಗಂಟೆ ವಿವರಿಸಿದರೂ ಸಾಲಲಿಲ್ಲ.

ಕೊನೆಯ ಹಂತದಲ್ಲಿ ಕರ್ನಲ್ ಕಟ್ಟಬೇಕು. ಇಲ್ಲಿ ಪ್ರತಿಯೊಂದು ಸೌಲಭ್ಯವನ್ನೂ ಕರ್ನಲಿನೊಳಗೇ ಸೇರಿಸಬೇಕೋ, ಬೇಕಾದಾಗ ಕರೆಸಿಕೊಳ್ಳುವ ಮಾಡ್ಯೂಲ್ ಆಗಿ ಹೊರಗಿಡಬೇಕೋ, ಬೇಡವೇ ಬೇಡವೋ ಎಂದು ಆರಿಸಬೇಕು. ಒಂದು ಜೋಡಿಯ ಯಂತ್ರ ಬೂಟ್ ಆಗುತ್ತಲೇ ‘ಕರ್ನಲ್ ಪ್ಯಾನಿಕ್’ ಎಂದು ತೋರಿಸಿ, ವ್ಯವಸ್ಥೆಯ ಕಡತಗಳೆಲ್ಲ ಇರುವ ರೂಟ್ ಕಡತವ್ಯವಸ್ಥೆ ಸಿಗುತ್ತಿಲ್ಲವೆಂದು ಹೇಳಿ ನಿಂತುಬಿಟ್ಟಿತು. ಎರಡು ವಾರ ಅವರು ಹುಡುಕಿದರು. ನನಗೆ ಕಾರಣ ಗೊತ್ತಿತ್ತು, ಆದರೂ ಹೇಳಲಿಲ್ಲ. ಡಿಸ್ಕನ್ನು ಓದುವ ಡ್ರೈವರನ್ನೇ ಅವರು ಮಾಡ್ಯೂಲ್ ಆಗಿ ಹೊರಗಿಟ್ಟಿದ್ದರು. ಆ ಮಾಡ್ಯೂಲ್ ಇರುವುದು ಡಿಸ್ಕಿನಲ್ಲಿ, ಡಿಸ್ಕನ್ನು ಓದಲು ಬೇಕಾದದ್ದು ಆ ಮಾಡ್ಯೂಲ್. ಪೆಟ್ಟಿಗೆಯ ಬೀಗದ ಕೈಯನ್ನು ಪೆಟ್ಟಿಗೆಯೊಳಗೇ ಇಟ್ಟು ಬೀಗ ಜಡಿದಂತಾಗಿತ್ತು. ದೊಡ್ಡ ಲಿನಕ್ಸ್ ವಿತರಣೆಗಳು ಬೂಟ್ ಆಗುವಾಗ ಇನಿಟ್‌ರಾಮ್‌ಎಫ್‌ಎಸ್ ಎಂಬ ತಾತ್ಕಾಲಿಕ ಕಡತವ್ಯವಸ್ಥೆಯನ್ನು ಯಂತ್ರದ ಮೆಮೊರಿಗೆ ತುಂಬಿಕೊಳ್ಳುವುದು ಯಾಕೆಂದು ಆ ಇಬ್ಬರಿಗೆ ಇನ್ನು ಜೀವಮಾನದಲ್ಲಿ ಮತ್ತೊಮ್ಮೆ ಹೇಳಬೇಕಾಗಿಲ್ಲ.

ವ್ಯವಸ್ಥೆ ಬೂಟ್ ಆದ ದಿನ ಒಬ್ಬ ವಿದ್ಯಾರ್ಥಿನಿ ಕೇಳಿದ ಪ್ರಶ್ನೆ, “ಸರ್, ಇದರಲ್ಲಿ ಕನ್ನಡ ಬರುತ್ತಾ?” ಎಂದು. ಆ ಒಂದು ಪ್ರಶ್ನೆ ನಮ್ಮನ್ನು ಇನ್ನೂ ನಾಲ್ಕು ವಾರ ಹಿಡಿದಿಟ್ಟುಕೊಂಡಿತು. ಜಿಲಿಬ್‌ಸಿ ಎಂಬ ಸಿ ಲೈಬ್ರರಿಯಲ್ಲಿ ಕನ್ನಡದ ಲೊಕೇಲ್ (ದಿನಾಂಕ, ತಿಂಗಳ ಹೆಸರು ಮುಂತಾದವನ್ನು ಆ ಭಾಷೆಯಲ್ಲಿ ತೋರಿಸಲು ಬೇಕಾದ ಮಾಹಿತಿ) ಇದೆ, ತುಳುವಿನದ್ದೂ ಇದೆ ಎಂಬುದು ಅವರಿಗೆ ಗೊತ್ತಿರಲಿಲ್ಲ. ಎರಡನ್ನೂ ಸಿದ್ಧಪಡಿಸಿಕೊಂಡರು. ಆದರೆ ದಿನಾಂಕವನ್ನು ಕನ್ನಡದಲ್ಲಿ ಕೇಳಿದಾಗ ಪಠ್ಯ ಪರದೆಯಲ್ಲಿ ಬಂದದ್ದು ಅರ್ಥವಾಗದ ಗುರುತುಗಳು ಮಾತ್ರ. ಲಿನಕ್ಸಿನ ಪಠ್ಯ ಪರದೆಯ ಫಾಂಟಿನಲ್ಲಿ ಹೆಚ್ಚೆಂದರೆ 512 ಆಕಾರಗಳಿಗೆ ಜಾಗ. ಅದಕ್ಕಿಂತ ದೊಡ್ಡ ತೊಡಕೆಂದರೆ, ಒತ್ತಕ್ಷರಗಳನ್ನು ಜೋಡಿಸುವ ಬುದ್ಧಿ ಅದಕ್ಕಿಲ್ಲ. ‘ಸ್ತ್ರೀ’ ಎಂಬ ಒಂದು ಅಕ್ಷರ ಯುನಿಕೋಡಿನಲ್ಲಿ ಆರು ಸಂಕೇತಗಳ ಸಾಲು. ‘ಸೂರ್ಯ’ ಎಂದು ಬರೆಯುವಾಗ ‘ರ’ಕಾರ ಮೊದಲು ಬಂದರೂ ಅರ್ಕಾವತ್ತು ತೋರಬೇಕಾದದ್ದು ‘ಯ’ಕಾರದ ನಂತರ. ಈ ಸ್ಥಾನಪಲ್ಲಟವನ್ನು ಹಾರ್ಫ್‌ಬಝ್ ಎಂಬ ಲೈಬ್ರರಿ ಮಾಡುತ್ತದೆ, ಅಕ್ಷರದ ಚಿತ್ರ ಬಿಡಿಸುವುದು ಫ್ರೀಟೈಪ್ ಎಂಬ ಇನ್ನೊಂದು ಲೈಬ್ರರಿ. ಹಾರ್ಫ್‌ಬಝ್‌ಗೆ ಫ್ರೀಟೈಪ್ ಬೇಕು, ಫ್ರೀಟೈಪ್‌ನ ಪೂರ್ಣ ಸೌಲಭ್ಯಕ್ಕೆ ಹಾರ್ಫ್‌ಬಝ್ ಬೇಕು. ಆದ್ದರಿಂದ ಮೊದಲು ಒಂದನ್ನು ಅರೆಬರೆಯಾಗಿ ಕಟ್ಟಿ, ಮತ್ತೊಂದನ್ನು ಅದರ ಮೇಲೆ ಕಟ್ಟಿ, ಮೊದಲನೆಯದನ್ನು ಪುನಃ ಕಟ್ಟಬೇಕು. ಬೀಜವೃಕ್ಷ ನ್ಯಾಯ ಮತ್ತೆ ಎದುರಿಗೆ ಬಂದಾಗ ಮಕ್ಕಳು ಅಂಜಲಿಲ್ಲ. ಲೋಹಿತ್ ಕನ್ನಡ ಫಾಂಟ್ ಹಾಕಿ, ಪರದೆಯ ಮೇಲೆ ಆ ಎರಡು ಪದಗಳು ಸರಿಯಾಗಿ ಮೂಡಿದ ಸಂಜೆ ಪ್ರಯೋಗಾಲಯದ ಸಹಾಯಕರೂ ಬಂದು ನೋಡಿದರು. ನಮ್ಮ ಲಿಪಿ ಕಂಪ್ಯೂಟರಿನಲ್ಲಿ ಮೂಡಲು ಜಗತ್ತಿನ ಎಷ್ಟು ಜನರ ಶ್ರಮವಿದೆ ಎಂಬುದು ಆ ಸಂಜೆಯವರೆಗೆ ನನಗೂ ಇಷ್ಟು ಸ್ಪಷ್ಟವಾಗಿ ತಿಳಿದಿರಲಿಲ್ಲ.

ಆಕ್ಷೇಪಗಳು ನನಗೆ ತಿಳಿಯದ್ದಲ್ಲ. ಇಂತಹ ವ್ಯವಸ್ಥೆಯನ್ನು ಕಚೇರಿಯಲ್ಲೋ ಬ್ಯಾಂಕಿನಲ್ಲೋ ಬಳಸಿರೆಂದು ನಾನು ಹೇಳುತ್ತಿಲ್ಲ. ತಂತ್ರಾಂಶಗಳನ್ನು ಹಾಕುವ, ನವೀಕರಿಸುವ ಪ್ಯಾಕೇಜ್ ಮ್ಯಾನೇಜರ್ ಅದಕ್ಕೆ ಇರುವುದಿಲ್ಲ, ಪ್ರತಿ ಭದ್ರತಾ ತಿದ್ದುಪಡಿಯನ್ನೂ ಕೈಯಿಂದಲೇ ಮಾಡಬೇಕು. ಅಂತಹ ಬಳಕೆಗೆ ಡೆಬಿಯನ್ ಎಂಬ ಸಿದ್ಧ ಲಿನಕ್ಸ್ ವಿತರಣೆ ಇದೆ, ಅದನ್ನು ಆಧರಿಸಿ ಕೇಂದ್ರ ಸರ್ಕಾರದ ಸಿ-ಡ್ಯಾಕ್ ಸಂಸ್ಥೆ ರೂಪಿಸಿರುವ ಬಾಸ್ ಇದೆ. ನೆರೆಯ ಕೇರಳ ತನ್ನ ಶಾಲೆಗಳಿಗೆಂದು ಕೈಟ್ ಸಂಸ್ಥೆಯ ಮೂಲಕ ಮುಕ್ತ ತಂತ್ರಾಂಶದ ತನ್ನದೇ ಆಪರೇಟಿಂಗ್ ಸಿಸ್ಟಂ ಸಿದ್ಧಪಡಿಸಿ ಹಂಚುತ್ತದೆ. ಆದರೆ ಅಂತಹದ್ದನ್ನು ನಾಳೆ ಕರ್ನಾಟಕ ಮಾಡಬೇಕೆಂದರೆ ಅದನ್ನು ಕಟ್ಟಿ ಕಾಪಾಡುವ ಕೈಗಳು ಎಲ್ಲಿಂದ ಬರಬೇಕು? ಉದ್ಯೋಗಕ್ಕೆ ಇದರಿಂದೇನು ಎಂದು ಪೋಷಕರು ಕೇಳುತ್ತಾರೆ, ಕೇಳುವುದು ನ್ಯಾಯವೇ. ಕಾರಿನ ಪರದೆ, ವೈ-ಫೈ ರೂಟರ್, ಕಾರ್ಖಾನೆಯ ನಿಯಂತ್ರಣ ಯಂತ್ರ ಇವುಗಳಿಗೆ ಬೇಕಾದ ಲಿನಕ್ಸ್ ಅನ್ನು ಯೋಕ್ಟೊ, ಬಿಲ್ಡ್‌ರೂಟ್ ಮುಂತಾದ ಸಲಕರಣೆಗಳಿಂದ ಮೂಲದಿಂದಲೇ ಕಟ್ಟುತ್ತಾರೆ, ಬೆಂಗಳೂರಿನಲ್ಲಿ ಈ ಕೆಲಸ ಮಾಡುವ ಸಂಸ್ಥೆಗಳು ಬೇಕಾದಷ್ಟಿವೆ. ಈ ಸಲಕರಣೆಗಳು ತಾವಾಗಿ ಮಾಡುವ ಕೆಲಸವನ್ನು ಒಮ್ಮೆ ಕೈಯಾರೆ ಮಾಡಿದವನಿಗೆ, ಅವು ತಪ್ಪಿದಾಗ ಎಲ್ಲಿ ನೋಡಬೇಕೆಂದು ತಿಳಿದಿರುತ್ತದೆ. ಸಿಂಪ್ಯೂಟರ್ ಎಂಬ ಲಿನಕ್ಸ್ ಆಧಾರಿತ ಅಂಗೈ ಕಂಪ್ಯೂಟರನ್ನು 2001ರಲ್ಲೇ ರೂಪಿಸಿ ತೋರಿಸಿದ್ದು ಇದೇ ಬೆಂಗಳೂರು ಎಂಬುದನ್ನು ನಾವು ಮರೆತಿರುವುದು ನನಗೆ ನೋವಿನ ಸಂಗತಿ.

ಪಠ್ಯಕ್ರಮ ಸಮಿತಿಗಳಲ್ಲಿ ನನ್ನ ಕೋರಿಕೆ ಇಷ್ಟು. ಆಪರೇಟಿಂಗ್ ಸಿಸ್ಟಂ ಸಿದ್ಧಾಂತ ಕಲಿತ ನಂತರದ ಸೆಮಿಸ್ಟರಿನಲ್ಲಿ ಎರಡು ಕ್ರೆಡಿಟ್‌ಗಳ ಪ್ರಯೋಗವಾಗಿ ಇದನ್ನು ಇಡಬೇಕು. ಅಂಕ ಕೊಡುವಾಗ ಯಂತ್ರ ಬೂಟ್ ಆಯಿತೇ ಇಲ್ಲವೇ ಎಂಬುದನ್ನಷ್ಟೇ ನೋಡಬಾರದು, ಏಕೆಂದರೆ ಇನ್ನೊಬ್ಬರು ಕಟ್ಟಿದ್ದನ್ನು ನಕಲು ಮಾಡಿ ಬೂಟ್ ಮಾಡಿಸುವುದು ಐದು ನಿಮಿಷದ ಕೆಲಸ. ಪ್ರತಿ ದಿನದ ದಾಖಲೆ ಪುಸ್ತಕ, ಬಂದ ದೋಷಗಳು, ಅವುಗಳಿಗೆ ಕಂಡುಕೊಂಡ ಕಾರಣ ಮತ್ತು ಮೌಖಿಕ ಪರೀಕ್ಷೆ ಇವುಗಳಿಗೆ ಹೆಚ್ಚಿನ ಅಂಕ ಸಲ್ಲಬೇಕು. ಬೂಟ್ ಆಗದೆ ಉಳಿದ ಯಂತ್ರದ ವಿದ್ಯಾರ್ಥಿಗೂ ಪೂರ್ಣ ಅಂಕ ಸಿಗುವ ಅವಕಾಶ ಇರಬೇಕು. ಹೊಸ ಕಂಪ್ಯೂಟರ್ ಕೊಳ್ಳಬೇಕಿಲ್ಲ. ವಿಲೇವಾರಿಗೆ ಕಾದಿರುವ ಯಂತ್ರಗಳಲ್ಲಿ ಒಂದು ಭಾಗವನ್ನು ಗುಜರಿಗೆ ಹಾಕುವ ಮೊದಲು ಇದಕ್ಕೆ ಬಿಟ್ಟುಕೊಡುವ ಸುತ್ತೋಲೆ ಹೊರಟರೆ ಸಾಕು.

ಇನ್ನೊಂದು ಕೆಲಸ ಕನ್ನಡದ ಸಂಸ್ಥೆಗಳದ್ದು. ಆ ಕೈಪಿಡಿ ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಲ್ಲಿದೆ. ವಾಣಿಜ್ಯ ಉದ್ದೇಶವಿಲ್ಲದೆ, ಮೂಲ ಲೇಖಕರನ್ನು ಹೆಸರಿಸಿ, ಅದೇ ಪರವಾನಗಿಯಲ್ಲಿ ಹಂಚುವುದಾದರೆ ಯಾರು ಬೇಕಾದರೂ ಅದನ್ನು ಅನುವಾದಿಸಬಹುದು. ಪದವಿಪೂರ್ವದವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ ಬಂದ ನನ್ನ ಇಬ್ಬರು ವಿದ್ಯಾರ್ಥಿಗಳಿಗೆ ಕಂಪೈಲರ್ ಕಷ್ಟವಾಗಲಿಲ್ಲ, ಕೈಪಿಡಿಯ ಇಂಗ್ಲಿಷ್ ಕಷ್ಟವಾಯಿತು. ಹಂಪಿಯ ಕನ್ನಡ ವಿಶ್ವವಿದ್ಯಾಲಯವಾಗಲಿ ಕನ್ನಡ ಅಭಿವೃದ್ಧಿ ಪ್ರಾಧಿಕಾರವಾಗಲಿ ಅದರ ಕನ್ನಡ ರೂಪವನ್ನು ಕೈಗೆತ್ತಿಕೊಳ್ಳುವುದಾದರೆ, ಕ್ರಾಸ್ ಕಂಪೈಲರ್ ಕಟ್ಟುವ ಅಧ್ಯಾಯವನ್ನು ನಮ್ಮ ಮಕ್ಕಳು ಈಗಾಗಲೇ ಕನ್ನಡದಲ್ಲಿ ಬರೆದಿಟ್ಟಿದ್ದಾರೆ. ಅದನ್ನೂ, ಕರ್ನಲ್ ಪ್ಯಾನಿಕ್‌ನ ಎರಡು ವಾರಗಳೂ ಸೇರಿದಂತೆ ನಮ್ಮ ಮೂರು ದಾಖಲೆ ಪುಸ್ತಕಗಳ ನಕಲನ್ನೂ, ಕೇಳಿದ ಯಾವುದೇ ಕಾಲೇಜಿಗೆ ಕಳುಹಿಸಿಕೊಡಲು ನಾವು ಸಿದ್ಧರಿದ್ದೇವೆ.

ಇತಿ ತಮ್ಮ ವಿಶ್ವಾಸಿ,
ಕಂಪ್ಯೂಟರ್ ವಿಜ್ಞಾನ ಅಧ್ಯಾಪಕ,
ಹಾಸನ ಜಿಲ್ಲೆ